ಅಂಕಿ ಉಜ್ಜುವುದು

ನನ್ನ ಕಸುಬು ಒಂದೇ ಸಲಕ್ಕೆ ಯಾರೂ ನಂಬುವುದಿಲ್ಲ:
ಹಳೇ ಕಾರು ಕೊಳ್ಳುವವರ ಜೊತೆ ಹೋಗಿ
ಬಾನೆಟ್ಟಿನಡಿ ತಲೆ ತೂರಿಸಿ
ಎಂಜಿನ್ನಿನ ನಂಬರು ಓದಿ ಹೇಳುವುದು.
ಚಿಂದಿ, ಸೀಮೆಎಣ್ಣೆ, ಮೆತ್ತನೆ ಪೆನ್ಸಿಲ್ಲು,
ಸಿಗರೇಟು ಸುತ್ತುವ ತೆಳು ಕಾಗದ.
ಒತ್ತಿ ಹಿಡಿದು ಉಜ್ಜಿದರೆ
ಕಬ್ಬಿಣ ತನ್ನ ಜಾತಕ ತಾನೇ ಬರೆದುಕೊಡುತ್ತದೆ.

ಅವತ್ತು ಪಾಯ್ಸಂದೂ ಊರಿನಾಚೆ,
ಉರುಗ್ವೆ ನದಿಯ ದಂಡೆಗೆ ಹತ್ತಿರ
ವಿಲ್ಮಾರ್ ಬಾಲ್ಪಾರ್ದನ ಶೆಡ್ಡು.
ಒಳಗೆ ಐವತ್ತೊಂಬತ್ತರ ಪ್ಯೂಜೊ,
ಕೆನೆಗಟ್ಟಿದ ಹಾಲಿನ ಬಣ್ಣ,
ಸೀಟಿನ ಹೊಲಿಗೆಯೂ ಕಾರ್ಖಾನೆಯದೇ,
ಗಡಿಯಾರ ಕೂಡ.
ನಿಂತಿದೆ, ಆದರೆ ಅಸಲಿ.
ಕೊಳ್ಳಲು ಬಂದವಳು ಮೊಂತೆವಿಡಿಯೋದ ದಂತವೈದ್ಯೆ,
ರೊಸೌರಾ ಎಚೆಗರಾಯ್.
ಹಲ್ಲು ನೋಡಿ ಎತ್ತು ಕೊಳ್ಳಬೇಕೆಂದು
ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಉಜ್ಜಿದೆ.
ನೋಂದಣಿ ಪುಸ್ತಕದ ಕೊನೆಗೆ ನಾಲ್ಕು, ಏಳು, ಏಳು.
ಕಾಗದದ ಮೇಲೆ ಎದ್ದದ್ದು
ಒಂಬತ್ತು, ಸೊನ್ನೆ, ಎರಡು.

ವಿಲ್ಮಾರ್ ಮಾಟೆಯ ಬುರುಡೆಗೆ ಬಿಸಿನೀರು ಹೊಯ್ದ.
"ಎಪ್ಪತ್ತಾರರಲ್ಲಿ ಬದಲಾಯಿಸಿದ್ದು" ಎಂದ,
ನೆಂಟರ ಮದುವೆಯ ವರ್ಷ ಹೇಳುವವನ ಹಾಗೆ.
"ಟ್ಯಾಕ್ಸಿಯದು. ಅದೇ ಕಂಪನಿ, ಹತ್ತು ವರ್ಷ ಕಿರಿಯ.
ಬೆಟ್ಟ ಏರುವಾಗ ಕೆಮ್ಮುವುದಿಲ್ಲ."
ಈ ದೇಶದಲ್ಲಿ ಬೆಟ್ಟವೆಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಬೆಲೆ ಅರ್ಧಕ್ಕೆ ಇಳಿಯಿತು.
ನನ್ನ ಬಾಯಿಂದ ಬಿದ್ದ ಮೂರು ಅಂಕಿ
ಒಬ್ಬನ ಒಂದು ವರ್ಷದ ಊಟ.
ಹೊರಗೆ, ನೀರಿನ ಡ್ರಮ್ಮಿನ ಪಕ್ಕ
ವಿಲ್ಮಾರ್ ದನಿ ತಗ್ಗಿಸಿದ:
"ನಿನ್ನ ಪೆಟ್ಟಿಗೆಯಲ್ಲಿ ಅಂಕಿ ಹೊಡೆಯುವ ಉಳಿಗಳೂ ಇವೆಯಂತೆ."

ಇವೆ.
ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ.
ಅರದಲ್ಲಿ ಹತ್ತು ನಿಮಿಷ ಉಜ್ಜಿದರೆ ಹೋಗುತ್ತದೆ, ನನಗೆ ಗೊತ್ತು.
ನುಣುಪಾದ ಜಾಗಕ್ಕೆ ಹೊಸ ಜನ್ಮ,
ಅಂಕಿಗೊಂದು ಸುತ್ತಿಗೆ ಏಟು.
ಎರಡು ಸಲ ಮಾಡಿದ್ದೇನೆ.
ಒಮ್ಮೆ ಹಸಿವಿಗೆ.
ಇನ್ನೊಂದರ ಕಾರಣ ನೆನಪಿಲ್ಲ, ಕಾಡುವುದು ಅದೇ.

ರೊಸೌರಾ ಯಾವಾಗ ಬಾಗಿಲಿಗೆ ಬಂದಳೋ.
"ಹಾಗಾದರೆ ಮೊದಲಿನದು ಎಲ್ಲಿ ಹೋಯಿತು?"
ವಿಲ್ಮಾರ್ ಬುರುಡೆ ಹಿಡಿದ ಕೈಯನ್ನೇ ಎತ್ತಿ ತೋರಿಸಿದ:
"ಅಗೋ, ಕೇಳಿಸುತ್ತಿಲ್ಲವೆ?"

ಬೆಳಗಿನಿಂದ ಯಾರದೋ ಟ್ರ್ಯಾಕ್ಟರೆಂದು
ನಾನು ಕಿವಿಯಾಚೆ ಹಾಕಿದ್ದ ಸದ್ದು.
ಕಿತ್ತಳೆ ಗಿಡಗಳ ನಡುವೆ ನಡೆದೆವು.
ತಗಡಿನ ಮಾಡು, ಸಿಮೆಂಟಿನ ಕಟ್ಟೆ,
ನಾಲ್ಕು ಬೋಲ್ಟಿಗೆ ಬಿಗಿಸಿಕೊಂಡು
ಗಡಗಡ ನಡುಗುತ್ತ ಕೂತಿತ್ತು ಅಸಲಿ ಎಂಜಿನ್ನು.
ಚಕ್ರವಿಲ್ಲ, ಗೇರಿಲ್ಲ,
ಹೋಗಬೇಕಾದ ಊರಿಲ್ಲ.
ನದಿಯಿಂದ ನೀರೆತ್ತುತ್ತಿತ್ತು.

ನಿಲ್ಲಿಸಿ ಎನ್ನಲು ಮನಸ್ಸಾಗಲಿಲ್ಲ.
ಓಡುತ್ತಿದ್ದಂತೆಯೇ ಒರೆಸಿ, ಕಾಗದ ಒತ್ತಿದೆ.
ಬಿಸಿಗೆ ಅಂಚು ಕಂದಿತು, ಕೈ ಅದುರಿತು,
ಆದರೂ ಎದ್ದವು ನಾಲ್ಕು, ಏಳು, ಏಳು,
ಚಳಿಯಲ್ಲಿ ಬರೆದವರ ಅಕ್ಷರದಂತೆ.

ತೋಟದ ಎಲ್ಬಿಯಾ ಮಣ್ಣುಗೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದಳು.
"ಒಯ್ಯುವುದಾದರೆ ಒಯ್ಯಿರಿ.
ಬದಲಿಗೆ ಇನ್ನೊಂದು ತಂದಿಡಿ. ಮಾರ್ಚ್ ಕಳೆಯಲಿ, ಅಷ್ಟೆ.
ಕಾಯಿ ಈಗ ನೀರು ಕುಡಿಯುವ ಹೊತ್ತು."
ಬದಲಿ ಎಂಬ ಮಾತು
ಅವಳ ಬಾಯಲ್ಲಿ ಬೈಗುಳವಾಗಿರಲಿಲ್ಲ.

ರೊಸೌರಾ ಕಾಲುವೆಯ ನೀರಿಗೆ ಬೆರಳದ್ದಿ
ತುಂಬ ಹೊತ್ತು ಕೂತಳು.
ಆಮೇಲೆ ಅರ್ಧಕ್ಕಿಂತ ಹೆಚ್ಚು, ಪೂರ್ತಿಗಿಂತ ಕಡಿಮೆ
ಒಂದು ಮೊತ್ತ ಹೇಳಿದಳು.
ಎರಡೂ ಕಾಗದ ಮಡಚಿ ಕಾರಿನ ಖಾನೆಯಲ್ಲಿಟ್ಟು
ಟ್ಯಾಕ್ಸಿಯ ಎಂಜಿನ್ನಿನಲ್ಲೇ ಹೊರಟಳು.
ಕೆಮ್ಮಲಿಲ್ಲ, ನಿಜ.
ಮಾರ್ಚಿನಲ್ಲಿ ಮರಳಿ ಬಂದಳೋ ಇಲ್ಲವೋ ತಿಳಿಯದು.

ನನ್ನ ವರದಿಯ ನಮೂನೆಯಲ್ಲಿ ಎರಡು ಚೌಕ:
ಅಸಲಿ, ಬದಲಿ. ಒಂದಕ್ಕೆ ಗುರುತು ಹಾಕಬೇಕು.
ಹಾಕದೆ, ಪಕ್ಕದ ಖಾಲಿ ಜಾಗದಲ್ಲಿ ಬರೆದೆ:
ಅಸಲಿ ಇನ್ನೂರು ಮೀಟರ್ ಪಶ್ಚಿಮಕ್ಕಿದೆ,
ನೀರೆತ್ತುತ್ತಿದೆ.

ಉಳಿಗಳನ್ನು ಆ ನದಿಗೇ ಎಸೆದೆ ಎಂದು ಮುಗಿಸಿದ್ದರೆ
ಚೆನ್ನಾಗಿರುತ್ತಿತ್ತು.
ಪೆಟ್ಟಿಗೆಯಲ್ಲೇ ಇವೆ, ಎಣ್ಣೆಬಟ್ಟೆಯಲ್ಲಿ ಸುತ್ತಿ.
ಏಳರದು ಮಾತ್ರ
ಉಳಿದವಕ್ಕಿಂತ ತುಸು ಸವೆದಿದೆ.